ಕಣ್ಣೀರು ನಮ್ಮದು, ಕ್ಯಾಮೆರಾ ಯಾರದು?

ಯಮಕನಮರಡಿಯಲ್ಲಿ ಇಶಾ ನಮಾಝ್ ಮುಗಿದ ಮೇಲೆ ಮಸೀದಿಯ ಹೊರಗೆ ಹತ್ತಾರು ಯುವಕರು ಅರ್ಧ ಗಂಟೆಯಾದರೂ ನಿಂತು ಮಾತನಾಡುವುದು ವಾಡಿಕೆ. ಈಗ ಮಾತು ಕಡಿಮೆಯಾಗಿದೆ, ನೋಡುವುದು ಹೆಚ್ಚಾಗಿದೆ. 2023ರ ಅಕ್ಟೋಬರ್ ನಂತರ ಅವರ ಮೊಬೈಲುಗಳಲ್ಲಿ ಮತ್ತೆ ಮತ್ತೆ ಓಡಿದ್ದು ಗಾಝಾದ ದೃಶ್ಯಗಳು. ಅವಶೇಷಗಳ ಅಡಿಯಿಂದ ಮಗುವನ್ನು ಎತ್ತುವ ಕೈಗಳು, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಸಾಲು ಸಾಲು ಶವಗಳು, ಹಿಟ್ಟಿನ ಚೀಲಕ್ಕಾಗಿ ಓಡುವ ಜನ. ನೋಡುವವರ ಕಣ್ಣು ತುಂಬುತ್ತದೆ, ಒಬ್ಬರು ನಿಟ್ಟುಸಿರು ಬಿಡುತ್ತಾರೆ, ಇನ್ನೊಬ್ಬರು ದುಆ ಮಾಡುತ್ತಾರೆ. ಆ ದುಃಖ ನಿಜವಾದದ್ದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಆದರೆ ಒಂದು ರಾತ್ರಿ ನಾವು ಅವರನ್ನು ಕೇಳಿದೆವು: ಈ ದೃಶ್ಯವನ್ನು ಚಿತ್ರೀಕರಿಸಿದವರು ಯಾರು? ಅವರು ಈಗ ಬದುಕಿದ್ದಾರೆಯೇ? ಯುವಕರು ಪರಸ್ಪರ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಹೇಳಿದ: "ಯಾರ್ ತಗದಾರೋ ಗೊತ್ತಿಲ್ರಿ, ಗ್ರೂಪಿನ್ಯಾಗ ಬಂದೈತ್ರಿ."

ಗ್ರೂಪಿನಲ್ಲಿ ಬಂದಿದೆ! ನಮ್ಮ ಸಮುದಾಯದ ಇಂದಿನ ಸ್ಥಿತಿಯನ್ನು ಇಷ್ಟು ಚಿಕ್ಕದಾಗಿ ಹೇಳಬಲ್ಲ ಮಾತು ಇನ್ನೊಂದಿರಲಾರದು. ಯಾರೋ ಪ್ರಾಣ ಒತ್ತೆಯಿಟ್ಟು ಸಾಕ್ಷ್ಯ ಹೊತ್ತು ತಂದರು. ನಾವು ಅದನ್ನು ನೋಡಿ ಅತ್ತೆವು, ಮುಂದಿನವರಿಗೆ ಕಳುಹಿಸಿದೆವು, ಮನೆಗೆ ಹೋಗಿ ಮಲಗಿದೆವು. ಸಾಕ್ಷಿಯ ಹೆಸರೂ ನಮಗೆ ಬೇಕಾಗಲಿಲ್ಲ.

ಆ ದೃಶ್ಯಗಳು ಬಂದ ದಾರಿಯನ್ನು ಒಮ್ಮೆ ನೋಡೋಣ. ಯುದ್ಧ ಆರಂಭವಾದಾಗಿನಿಂದ ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಗಾಝಾ ಪ್ರವೇಶಿಸಲು ಇಸ್ರೇಲ್ ಬಿಡಲಿಲ್ಲ. ಆದ್ದರಿಂದ ಜಗತ್ತು ಕಂಡದ್ದನ್ನೆಲ್ಲ ಬಹುಪಾಲು ಚಿತ್ರೀಕರಿಸಿದವರು ಅಲ್ಲಿಯವರೇ. ತಾವೇ ಹಸಿದವರು, ತಾವೇ ಮನೆ ಕಳೆದುಕೊಂಡವರು, ತಮ್ಮವರನ್ನು ಮಣ್ಣು ಮಾಡಿ ಬಂದು ಮತ್ತೆ ಕ್ಯಾಮೆರಾ ಎತ್ತಿಕೊಂಡವರು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಕೊಲ್ಲಲ್ಪಟ್ಟರು. ಪ್ಯಾರಿಸ್‌ನಲ್ಲಿ ನೆಲೆಸಿರುವ ಇರಾನಿ ಚಿತ್ರ ನಿರ್ದೇಶಕಿ ಸೆಪಿದೆ ಫಾರ್ಸಿಯವರಿಗೆ ಗಾಝಾ ಪ್ರವೇಶ ದೊರೆಯದಾದಾಗ, ಅಲ್ಲಿಯ ಛಾಯಾಗ್ರಾಹಕಿ ಫಾತಿಮಾ ಹಸ್ಸೂನಾರೊಂದಿಗೆ ತಿಂಗಳುಗಟ್ಟಲೆ ವಿಡಿಯೊ ಕರೆಯಲ್ಲಿ ಮಾತನಾಡಿ ಆ ಸಂಭಾಷಣೆಗಳಿಂದಲೇ ಒಂದು ಸಾಕ್ಷ್ಯಚಿತ್ರ ಮಾಡಿದರು. 2025ರ ಎಪ್ರಿಲ್ 15ರಂದು ಆ ಚಿತ್ರ ಕಾನ್ ಚಿತ್ರೋತ್ಸವದ ವೇಳೆಯ ಪ್ರದರ್ಶನಕ್ಕೆ ಆಯ್ಕೆಯಾದ ಸುದ್ದಿ ಬಂತು. ಮರುದಿನ ಇಸ್ರೇಲಿ ದಾಳಿಯಲ್ಲಿ ಫಾತಿಮಾ ತನ್ನ ಮನೆಯಲ್ಲೇ, ಕುಟುಂಬದ ಹಲವರೊಂದಿಗೆ ಕೊಲ್ಲಲ್ಪಟ್ಟರು. ವಯಸ್ಸು 25.

ಇದು ಇಂದು ನಿನ್ನೆಯ ಕಥೆಯಲ್ಲ. ಬ್ರಿಟಿಷ್ ಸಾಕ್ಷ್ಯಚಿತ್ರ ನಿರ್ಮಾಪಕ ಜೇಮ್ಸ್ ಮಿಲ್ಲರ್ ಗಾಝಾದ ಮಕ್ಕಳ ಬದುಕಿನ ಬಗ್ಗೆ ಚಿತ್ರ ಮಾಡಲು ರಫಾಕ್ಕೆ ಹೋಗಿದ್ದರು. 2003ರ ಮೇ 2ರ ರಾತ್ರಿ ಅವರ ತಂಡ ಒಂದು ಫೆಲೆಸ್ತೀನಿ ಮನೆಯಿಂದ ಬಿಳಿ ಬಾವುಟ ಹಿಡಿದು, ಅದರ ಮೇಲೆ ಬೆಳಕು ಬಿಟ್ಟುಕೊಂಡು ಹೊರಬಂತು. ಇಸ್ರೇಲಿ ಸೈನಿಕನ ಗುಂಡು ಮಿಲ್ಲರ್ ಅವರ ಕುತ್ತಿಗೆಗೆ ತಗುಲಿತು. 2006ರಲ್ಲಿ ಲಂಡನ್ನಿನ ವಿಚಾರಣಾ ಜ್ಯೂರಿ ಇದನ್ನು ಕೊಲೆಯೆಂದೇ ಹೇಳಿತು. ಗುಂಡು ಹಾರಿಸಿದವನಿಗೆ ಕೊಲೆಯ ಶಿಕ್ಷೆ ಆಗಲಿಲ್ಲ. ಅದೇ 2003ರ ಆಗಸ್ಟ್ 17ರಂದು ಹೆಬ್ರಾನ್‌ನ ಮಾಝಿನ್ ದಾನಾ ಎಂಬ ರಾಯ್ಟರ್ಸ್ ಕ್ಯಾಮೆರಾಮನ್ ಇರಾಕಿನ ಅಬೂ ಗುರೈಬ್ ಜೈಲಿನ ಹೊರಗೆ ಚಿತ್ರೀಕರಿಸುತ್ತಿದ್ದಾಗ ಅಮೆರಿಕದ ಸೈನಿಕರು ಗುಂಡಿಟ್ಟು ಕೊಂದರು. ಕ್ಯಾಮೆರಾವನ್ನು ರಾಕೆಟ್ ಉಡಾಯಿಸುವ ಆಯುಧವೆಂದು ಭಾವಿಸಿದೆವು ಎಂಬುದು ಅವರ ಸಮಜಾಯಿಷಿ. ಅಲ್ ಜಝೀರಾದ ಸುಡಾನಿ ಕ್ಯಾಮೆರಾಮನ್ ಸಾಮಿ ಅಲ್ ಹಾಜ್ 2001ರ ಡಿಸೆಂಬರಿನಲ್ಲಿ ಅಫಘಾನ್ ಗಡಿಯಲ್ಲಿ ಬಂಧಿತರಾಗಿ, ಯಾವ ಆರೋಪಪಟ್ಟಿಯೂ ಇಲ್ಲದೆ ಗ್ವಾಂಟನಾಮೊದಲ್ಲಿ ಕೊಳೆತು, 2008ರ ಮೇ ತಿಂಗಳಲ್ಲಿ ಬಿಡುಗಡೆಯಾದರು.

ಈ ವೃತ್ತಿಯನ್ನು ಸಾಹಸವೆಂದು ತಿಳಿಯುವವರು ತಪ್ಪು ತಿಳಿದಿದ್ದಾರೆ. ಅದರ ಹೆಚ್ಚಿನ ಭಾಗ ಕಾಯುವಿಕೆ. ತಪಾಸಣಾ ಠಾಣೆಯಲ್ಲಿ ಕಾಯುವುದು, ಬ್ಯಾಟರಿ ತುಂಬಿಸಲು ವಿದ್ಯುತ್ ಬರುವುದನ್ನು ಕಾಯುವುದು, ಮಾತನಾಡಲು ಹೆದರಿದ ತಾಯಿ ಬಾಯಿ ತೆರೆಯುವ ತನಕ ಕಾಯುವುದು. ಗುಂಡು ತಡೆಯುವ ಭಾರದ ಕವಚ ತೊಟ್ಟು ದಿನವಿಡೀ ನಡೆಯಬೇಕು. ದೊಡ್ಡ ಸಂಸ್ಥೆಯವರಿಗಾದರೆ ವಿಮೆಯುಂಟು, ಕಾಯುವವರುಂಟು. ಸ್ವತಂತ್ರವಾಗಿ ದುಡಿಯುವವನಿಗೆ, ಅವನಿಗಾಗಿ ದಾರಿ ತೋರುವ ಮತ್ತು ಭಾಷಾಂತರಿಸುವ ಸ್ಥಳೀಯನಿಗೆ, ಅನೇಕ ವೇಳೆ ಏನೂ ಇಲ್ಲ. ಅಫಘಾನಿಸ್ತಾನದ ಯುದ್ಧದ ಕುರಿತ ಸಾಕ್ಷ್ಯಚಿತ್ರದ ಸಹನಿರ್ದೇಶಕ ಟಿಮ್ ಹೆದರಿಂಗ್ಟನ್ 2011ರ ಎಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಗಾಯಗೊಂಡು ರಕ್ತಸ್ರಾವದಿಂದ ಸತ್ತರು. ಆ ರಕ್ತವನ್ನು ತಡೆಯುವ ವಿದ್ಯೆ ಪಕ್ಕದಲ್ಲಿದ್ದವರಿಗೆ ತಿಳಿದಿದ್ದರೆ ಬದುಕಿಸಲು ಆಗುತ್ತಿತ್ತೇನೋ ಎಂಬ ಕೊರಗು ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್ ಅವರನ್ನು ಕಾಡಿತು. ಸ್ವತಂತ್ರ ವರದಿಗಾರರಿಗೆ ಉಚಿತ ಪ್ರಥಮ ಚಿಕಿತ್ಸೆ ಕಲಿಸುವ ಸಂಸ್ಥೆಯನ್ನು ಅವರು ಕಟ್ಟಿದರು. ಸಾವಿನಿಂದಲೂ ಒಂದು ಪಾಠ ಕಲಿಯುವುದೆಂದರೆ ಇದು.

"ಅದೆಲ್ಲ ದೂರದ ದೇಶದ ಮಾತು, ಯಮಕನಮರಡಿಗೂ ಇದಕ್ಕೂ ಏನು ಸಂಬಂಧ?" ಎನ್ನುವ ಹಿರಿಯರಿಗೆ ನಾವು ಹೆದ್ದಾರಿಯನ್ನು ತೋರಿಸುತ್ತೇವೆ. ಸಂಕೇಶ್ವರ ದಾಟಿ ಗಂಟೆಯೊಳಗೆ ನಿಪ್ಪಾಣಿ ಸಿಗುತ್ತದೆ. 1981ರಲ್ಲಿ ತಂಬಾಕು ಬೆಳೆಗಾರರ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿ ರೈತರನ್ನು ಕೊಂದ ಊರು ಅದು. ಅದೇ ನಿಪ್ಪಾಣಿಗೆ ಬೆಂಗಳೂರಿನ ದೀಪಾ ಧನರಾಜ್ ಮತ್ತು ಅವರ 'ಯುಗಾಂತರ' ತಂಡದ ಗೆಳತಿಯರು ಬಂದರು. ತಂಬಾಕಿನ ದೂಳು ಕುಡಿಯುತ್ತ ದುಡಿಯುತ್ತಿದ್ದ ಸಾವಿರಾರು ಬಡ ಹೆಂಗಸರು ಸಂಘ ಕಟ್ಟಿ ಮಾಲೀಕರ ಎದುರು ನಿಂತ ಕಥೆಯನ್ನು, ಆ ಹೆಂಗಸರ ಬಾಯಿಂದಲೇ ಕೇಳಿ 1982ರಲ್ಲಿ ಚಿತ್ರವಾಗಿಸಿದರು. ಕ್ಯಾಮೆರಾ ಹಿಡಿದವರು ನವರೋಝ್ ಕಂಟ್ರಾಕ್ಟರ್. ನಮ್ಮ ಹಿರಿಯರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನಮ್ಮ ನೆರೆಯೂರಿನ ಬಡ ಹೆಣ್ಣುಮಕ್ಕಳ ಹೋರಾಟವನ್ನು ದಶಕಗಳ ನಂತರವೂ ಪರದೇಶದ ಜನ ನೋಡುತ್ತಾರೆ, ಹುಕ್ಕೇರಿ ತಾಲೂಕಿನ ನಾವು ಹೆಸರೂ ಕೇಳಿಲ್ಲ.

ಅದೇ ದೀಪಾ ಧನರಾಜ್, 1984ರಲ್ಲಿ ಹೈದರಾಬಾದು ಹೊತ್ತಿ ಉರಿದಾಗ ಅಲ್ಲಿಯ ಗಲಭೆಯನ್ನು ಚಿತ್ರೀಕರಿಸಿ, 1986ರಲ್ಲಿ 'ಕ್ಯಾ ಹುವಾ ಇಸ್ ಶಹರ್ ಕೋ' ಎಂಬ ಸಾಕ್ಷ್ಯಚಿತ್ರ ಹೊರತಂದರು. ಗಲಭೆ ತಾನಾಗಿ ಹುಟ್ಟುವುದಿಲ್ಲ, ಅದನ್ನು ಬಿತ್ತಿ ಬೆಳೆಸುವ ರಾಜಕಾರಣವಿದೆ ಎಂಬುದನ್ನು ಕಣ್ಣಿಗೆ ಕಟ್ಟಿಸಿದ ಚಿತ್ರವದು. ಯುದ್ಧಭೂಮಿಯೆಂದರೆ ಟ್ಯಾಂಕು ಓಡಾಡುವ ಜಾಗ ಮಾತ್ರವಲ್ಲ. ಕರ್ಫ್ಯೂ ಬಿದ್ದ ಓಣಿಯೂ ಯುದ್ಧಭೂಮಿಯೇ.

ಪಟ್ಟಿಯನ್ನು ಮುಂದುವರಿಸಿ. ಅಯೋಧ್ಯೆಯ ಉನ್ಮಾದವನ್ನು ಬಾಬರಿ ಮಸೀದಿ ಉರುಳುವ ಮೊದಲೇ ಸೆರೆಹಿಡಿದವರು ಆನಂದ್ ಪಟವರ್ಧನ್. 2002ರ ಗುಜರಾತಿನ ಸಂತ್ರಸ್ತರ ಮಾತನ್ನು 'ಫೈನಲ್ ಸೊಲ್ಯೂಷನ್' ಚಿತ್ರದಲ್ಲಿ ದಾಖಲಿಸಿದವರು ರಾಕೇಶ್ ಶರ್ಮಾ. 2004ರಲ್ಲಿ ಸೆನ್ಸಾರ್ ಮಂಡಳಿ ಅದಕ್ಕೆ ಅನುಮತಿ ನಿರಾಕರಿಸಿತು, ಪ್ರತಿಭಟನೆಯ ನಂತರ ಅದೇ ವರ್ಷ ಕೊಟ್ಟಿತು. ಈ ಮಧ್ಯೆ ಶರ್ಮಾ ಸಿ.ಡಿ.ಗಳನ್ನು ಉಚಿತವಾಗಿ ಹಂಚಿ, ಪಡೆದವರು ಇನ್ನೈದು ಪ್ರತಿ ಮಾಡಿ ಹಂಚಬೇಕೆಂದು ಕೇಳಿಕೊಂಡರು. ಮುಝಫ್ಫರನಗರದ 2013ರ ಗಲಭೆಯ ನಂತರ ಅಲ್ಲಿ ಚಿತ್ರ ಮಾಡಿದವರು ನಕುಲ್ ಸಿಂಗ್ ಸಾಹ್ನಿ. ಈ ಹೆಸರುಗಳನ್ನು ಗಮನಿಸಿದಿರಾ? ನಮ್ಮ ಗಾಯಕ್ಕೆ ಸಾಕ್ಷಿ ನಿಂತವರು ಬಹುಪಾಲು ನಮ್ಮ ಮನೆಯ ಮಕ್ಕಳಲ್ಲ. ಬೆದರಿಕೆ ಸಹಿಸಿದವರು, ನ್ಯಾಯಾಲಯಕ್ಕೆ ಅಲೆದವರು, ಕೈಯಿಂದ ಹಣ ಹಾಕಿದವರು ಈ ದೇಶದ ನ್ಯಾಯಪರ ಹಿಂದೂ ಬಾಂಧವರು, ಪಾರ್ಸಿಗಳು, ದೇವರನ್ನೇ ನಂಬದವರು. ಅವರಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಕೃತಜ್ಞತೆಯೊಂದಿಗೆ ನಾಚಿಕೆಯೂ ಆಗಬೇಡವೇ? ನಮ್ಮ ಸಾಕ್ಷ್ಯವನ್ನು ಎಷ್ಟು ಕಾಲ ಬೇರೆಯವರ ಹೆಗಲ ಮೇಲೆ ಹೊರಿಸುವುದು?

ಇಲ್ಲಿ ನಮ್ಮ ಧಾರ್ಮಿಕ ವಲಯದ ಉತ್ತರ ಸಿದ್ಧವಾಗಿರುತ್ತದೆ: ತಸ್ವೀರ್ ಹರಾಮ್. ಮದ್ರಸದ ಚಾಪೆಯ ಮೇಲೆ ಕುಳಿತು ಈ ಮಸ್‌ಅಲಾವನ್ನು ಓದಿದವರೇ ನಾವು. ಜೀವಿಗಳ ರೂಪ ರಚಿಸುವವರ ಕುರಿತು ಹದೀಸ್‌ಗಳಲ್ಲಿರುವ ಕಠಿಣ ಎಚ್ಚರಿಕೆಯನ್ನು ನಾವು ಅರಿಯದವರಲ್ಲ. ಆದರೆ ಛಾಯಾಚಿತ್ರಕ್ಕೆ ಆ ಎಚ್ಚರಿಕೆ ಅನ್ವಯಿಸುತ್ತದೆಯೇ ಎಂಬಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದನ್ನೂ ಅದೇ ಚಾಪೆಯ ಮೇಲೆ ಕಲಿತೆವು. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ, ಛಾಯಾಚಿತ್ರವೆಂದರೆ ಹೊಸದಾಗಿ ರೂಪ ಸೃಷ್ಟಿಸುವುದಲ್ಲ, ಇದ್ದ ನೆರಳನ್ನು ಹಿಡಿದಿಡುವುದು ಎಂದು ವಾದಿಸಿ ಅದಕ್ಕಾಗಿಯೇ ಒಂದು ಕಿರುಗ್ರಂಥ ಬರೆದರು. ನಮ್ಮ ದೇಶದ ದೇವಬಂದ್ ಪರಂಪರೆಯ ಮುಫ್ತಿಗಳು ಅನಗತ್ಯ ಛಾಯಾಚಿತ್ರವನ್ನು ನಿಷಿದ್ಧವೆಂದರೂ ಪಾಸ್‌ಪೋರ್ಟ್, ಗುರುತಿನ ಚೀಟಿಯಂತಹ ಅಗತ್ಯಕ್ಕೆ ಅವಕಾಶ ಕೊಟ್ಟರು. ಮದೀನಾದ ಮೊದಲ ಛಾಯಾಚಿತ್ರಗಳನ್ನು 1861ರಲ್ಲಿ ತೆಗೆದವನು ಯುರೋಪಿಯನ್ ಅಲ್ಲ, ಈಜಿಪ್ಟಿನ ಮುಸ್ಲಿಮ್ ಸೇನಾಧಿಕಾರಿ ಮುಹಮ್ಮದ್ ಸಾದಿಕ್. ಪಾಸ್‌ಪೋರ್ಟ್ ಅಗತ್ಯವಾಗುವುದಾದರೆ, ಅಮಾಯಕನ ಕೊಲೆಗೆ ಪುರಾವೆ ಒದಗಿಸುವುದು ಅಗತ್ಯವಲ್ಲವೇ? ಇದನ್ನು ನಾವು ಫತ್ವಾವಾಗಿ ಹೇಳುತ್ತಿಲ್ಲ, ಪ್ರಶ್ನೆಯಾಗಿ ಉಲಮಾಗಳ ಮುಂದಿಡುತ್ತಿದ್ದೇವೆ.

ಕ್ಯಾಮೆರಾದಿಂದ ಪೂರ್ಣವಾಗಿ ದೂರವಿರುವ ಮುತ್ತಖೀ ವಿದ್ವಾಂಸರನ್ನು ನಾವು ಗೌರವಿಸುತ್ತೇವೆ. ನಮ್ಮ ಜಗಳ ಅವರೊಂದಿಗಲ್ಲ, ಇಬ್ಬಗೆಯ ನಡೆಯವರೊಂದಿಗೆ. ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಪಿ.ಯು.ಸಿ. ಮುಗಿಸಿದ ಹುಡುಗ ಪತ್ರಿಕೋದ್ಯಮ ಓದಿ ಸಾಕ್ಷ್ಯಚಿತ್ರ ಮಾಡುವುದು ಕಲಿಯುತ್ತೇನೆ ಎಂದ. ತಂದೆ ಸಿಡಿದರು: "ಫೋಟೋ ತಗಿಯೂದು ಹರಾಮ್ ಐತಿ. ಮ್ಯಾಲ ಹೊಟ್ಟಿ ತುಂಬೂದಿಲ್ಲ." ಅದೇ ವರ್ಷ ಅದೇ ಮನೆಯ ಮಗಳ ನಿಕಾಹ್‌ನಲ್ಲಿ ಎರಡು ವಿಡಿಯೊ ಕ್ಯಾಮೆರಾ, ತಲೆಯ ಮೇಲೆ ಹಾರುವ ಡ್ರೋನ್, ದಪ್ಪ ಆಲ್ಬಮ್. ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಶಾದಿ ಮಹಲಿಗೆ ಹೋದರೂ ಇದೇ ದೃಶ್ಯ. ಮದುಮಗನ ಕುದುರೆ ಸವಾರಿಗೆ ಹಲಾಲ್ ಆಗುವ ಕ್ಯಾಮೆರಾ, ಮಝ್ಲೂಮನ ಸಾಕ್ಷ್ಯಕ್ಕೆ ಮಾತ್ರ ಹರಾಮ್ ಆಗುವುದು ಯಾವ ಫಿಖ್ಹ್?

ನಾವು ಮರೆತಿರುವುದು ಇಷ್ಟೇ. ಸಾಕ್ಷ್ಯ ನುಡಿಯುವುದು ನಮ್ಮ ದೀನ್‌ನಲ್ಲಿ ಐಚ್ಛಿಕ ವಿಷಯವಲ್ಲ. ಸಾಲದ ವ್ಯವಹಾರದಂತಹ ಚಿಕ್ಕ ಸಂಗತಿಯಲ್ಲೂ ಸಾಕ್ಷ್ಯವನ್ನು ಬಚ್ಚಿಡಬಾರದೆಂದು ಅಲ್‌ಬಕರ ಅಧ್ಯಾಯ ಆಜ್ಞಾಪಿಸಿದೆ. ಸುದ್ದಿ ತಂದವನು ನಂಬಲರ್ಹನಲ್ಲದಿದ್ದರೆ ಪರಿಶೀಲಿಸಬೇಕೆಂದು ಅಲ್‌ಹುಜುರಾತ್ ಅಧ್ಯಾಯ ಎಚ್ಚರಿಸಿದೆ. ಪ್ರವಾದಿ(ಸ)ಯವರ ಸಹಾಬಿ ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದೇ ಒಂದು ಹದೀಸನ್ನು ಅದನ್ನು ನೇರವಾಗಿ ಕೇಳಿದವರ ಬಾಯಿಂದಲೇ ಕೇಳಲು ಒಂಟೆ ಖರೀದಿಸಿ ಸಿರಿಯಾಕ್ಕೆ ಒಂದು ತಿಂಗಳ ಪ್ರಯಾಣ ಮಾಡಿದರು. "ಗ್ರೂಪಿನಲ್ಲಿ ಬಂದಿದೆ" ಎಂಬುದು ಅವರಿಗೆ ಸಾಕಾಗಲಿಲ್ಲ! ಯಾರು ಹೇಳಿದರು, ಯಾರಿಂದ ಕೇಳಿದರು, ಅವನು ಸತ್ಯಸಂಧನೇ, ನೆನಪು ಗಟ್ಟಿಯೇ ಎಂದು ಸಹಸ್ರಾರು ಜನರ ಬದುಕನ್ನು ಜರಡಿ ಹಿಡಿದ ಸಮುದಾಯ ನಮ್ಮದು. ಇಸ್ನಾದ್ ಎಂಬ ಶಾಸ್ತ್ರವನ್ನು ಕಟ್ಟಿದವರ ಮಕ್ಕಳು ಇಂದು ಮೂಲವಿಲ್ಲದ ವಿಡಿಯೊ ಹಂಚುತ್ತಿದ್ದಾರೆ. 2023ರ ಅಕ್ಟೋಬರಿನಲ್ಲಿ ವಿಡಿಯೊ ಗೇಮಿನ ತುಣುಕುಗಳೂ ಗಾಝಾದ ಯುದ್ಧವೆಂದು ಹರಿದಾಡಿದವು. ಒಂದು ಸುಳ್ಳು ದೃಶ್ಯ ಸಿಕ್ಕಿಬಿದ್ದರೆ ನೂರು ನಿಜ ದೃಶ್ಯಗಳನ್ನು ಅಲ್ಲಗಳೆಯಲು ಜಾಲಿಮನಿಗೆ ಅಷ್ಟೇ ಸಾಕು. ಪರಿಶೀಲಿಸದೆ ಹಂಚುವವನು ಮಝ್ಲೂಮನಿಗೆ ನೆರವಾಗುತ್ತಿಲ್ಲ, ಅವನ ಸಾಕ್ಷಿಯನ್ನು ಕೊಲ್ಲುತ್ತಿದ್ದಾನೆ.

ಯುದ್ಧಭೂಮಿಗೆ ಹೋಗಿ, ಕಣ್ಣಾರೆ ಕಂಡು, ದಿನಾಂಕ, ಸ್ಥಳ, ಹೆಸರುಗಳೊಂದಿಗೆ ಚಿತ್ರೀಕರಿಸಿ ತರುವವನು ಮಾಡುತ್ತಿರುವುದು ಆ ಹಳೆಯ ಪ್ರಯಾಣವನ್ನೇ. ನಮ್ಮ ಮನೆಗಳಿಂದ ಅಂತಹ ಪ್ರಯಾಣ ಹೊರಟವರು ಇಲ್ಲವೇ ಇಲ್ಲ ಎಂದಲ್ಲ. ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ 1982ರಲ್ಲಿ ಆರಂಭವಾದ ಸಮೂಹ ಸಂವಹನ ಕೇಂದ್ರದಲ್ಲಿ ಓದಿದ ದಾನಿಶ್ ಸಿದ್ದೀಕಿ ಸಿನಿಮಾ ಕ್ಯಾಮೆರಾದವರಲ್ಲ, ಸ್ಥಿರಚಿತ್ರದವರು. ಆದರೆ ಕೆಲಸ ಒಂದೇ. ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಪುಲಿಟ್ಜರ್ ಪಡೆದ ರಾಯ್ಟರ್ಸ್ ತಂಡದಲ್ಲಿ ಅವರಿದ್ದರು. 2020ರ ದೆಹಲಿ ಗಲಭೆಯಲ್ಲಿ ಗುಂಪೊಂದು ಒಬ್ಬ ಮುಸ್ಲಿಮನನ್ನು ಬಡಿಯುತ್ತಿದ್ದ ಚಿತ್ರ ತೆಗೆದರು. 2021ರಲ್ಲಿ ಕೋವಿಡ್ ಚಿತೆಗಳ ಚಿತ್ರ ತೆಗೆದರು. ಅದೇ ವರ್ಷ ಜುಲೈ 16ರಂದು ಅಫಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ, ಅಫಘಾನ್ ಸೈನಿಕರ ತುಕಡಿಯೊಂದಿಗಿದ್ದಾಗ ಕೊಲ್ಲಲ್ಪಟ್ಟರು. ಗಾಯಗೊಂಡ ಅವರನ್ನು ಚಿಕಿತ್ಸೆಗಾಗಿ ಮಸೀದಿಯೊಂದಕ್ಕೆ ಒಯ್ಯಲಾಗಿತ್ತು, ಅಲ್ಲಿಗೂ ತಾಲಿಬಾನಿಗಳು ನುಗ್ಗಿದರು ಎಂದು ವರದಿಗಳು ಹೇಳಿದವು. ಶವವನ್ನೂ ವಿರೂಪಗೊಳಿಸಲಾಗಿತ್ತು. ಬೇಕೆಂದೇ ಕೊಂದೆವೆಂಬುದನ್ನು ತಾಲಿಬಾನ್ ವಕ್ತಾರರು ನಿರಾಕರಿಸಿದರು. ದಾನಿಶ್‌ರ ತಂದೆ ತಾಯಿ 2022ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ತಾಲಿಬಾನ್ ನಾಯಕರ ವಿರುದ್ಧ ದೂರು ಕೊಟ್ಟರು.

ಆ ಸಾವಿಗೆ ಇಲ್ಲಿಯ ಕೆಲವು ದ್ವೇಷಭಕ್ತರು ಸಂತೋಷಪಟ್ಟರು. ಚಿತೆಗಳ ಚಿತ್ರ ತೆಗೆದವನಿಗೆ ತಕ್ಕ ಶಾಸ್ತಿಯಾಯಿತು ಎಂದು ಬರೆದರು. ಅದನ್ನು ನಾವು ಖಂಡಿಸಿದೆವು, ಸರಿಯೇ. ಆದರೆ ನಮ್ಮ ಎದೆ ಮುಟ್ಟಿಕೊಂಡು ಹೇಳೋಣ. ಇಸ್ರೇಲ್ ಕೊಂದಾಗ ಬೀದಿಗಿಳಿಯುವ ನಾವು, ಅಲ್ಲಾಹನ ಹೆಸರೆತ್ತುವವರ ಕೈಯಲ್ಲಿ ದಾನಿಶ್ ಸತ್ತಾಗ ಎಷ್ಟು ಮಸೀದಿಗಳ ಮಿಂಬರಿನಿಂದ ಒಂದು ಮಾತು ಕೇಳಿದೆವು? ಯುದ್ಧದಲ್ಲೂ ಗಾಯಾಳುವನ್ನು ಕೊಲ್ಲಬಾರದು, ಶವವನ್ನು ವಿರೂಪಗೊಳಿಸಬಾರದು ಎಂದು ಕಲಿಸಿದ ದೀನ್ ನಮ್ಮದು ಎಂದು ಎಷ್ಟು ಮಂದಿ ಎದ್ದು ನಿಂತು ಹೇಳಿದರು? ನ್ಯಾಯದ ಸಾಕ್ಷ್ಯ ನಿಮ್ಮ ವಿರುದ್ಧವಾಗಿದ್ದರೂ, ನಿಮ್ಮ ಬಂಧುಗಳ ವಿರುದ್ಧವಾಗಿದ್ದರೂ ನುಡಿಯಿರಿ ಎಂಬುದು ಅನ್ನಿಸಾ ಅಧ್ಯಾಯದ ಆದೇಶವಲ್ಲವೇ? ಪರರ ವಿರುದ್ಧ ಮಾತ್ರ ಹೇಳುವ ಸಾಕ್ಷ್ಯ ಸಾಕ್ಷ್ಯವಲ್ಲ, ಅದು ಪಕ್ಷಪಾತ.

"ಹಾಗಾದರೆ ನಮ್ಮ ಮಕ್ಕಳನ್ನು ಸಾಯಲು ಕಳುಹಿಸಬೇಕೇ?" ಎಂದು ತಾಯಂದಿರು ಕೇಳುವುದು ನಮಗೆ ಅರ್ಥವಾಗುತ್ತದೆ. ನಾವು ಯಾರ ಮಗನನ್ನೂ ಗಾಝಾಕ್ಕೆ ಹೋಗೆನ್ನುತ್ತಿಲ್ಲ. ಆದರೆ ಅಪಾಯವೇ ಅಡ್ಡಿಯೆಂದಾದರೆ, ಕೊಲ್ಲಿ ದೇಶಗಳಿಗೆ ನಾವು ಮಕ್ಕಳನ್ನು ಕಳುಹಿಸುವುದನ್ನು ಯಾವಾಗ ನಿಲ್ಲಿಸಿದೆವು? 1990ರಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಮುಂದೆ ಮತ್ತೆ ಜನ ಅಲ್ಲಿಗೇ ಹೋದರು. ಸಂಬಳಕ್ಕಾಗಿ ಒಪ್ಪುವ ಅಪಾಯವನ್ನು ಸತ್ಯಕ್ಕಾಗಿ ಒಪ್ಪಲಾರೆವು ಎನ್ನುವುದಾದರೆ ಹಾಗೆಂದೇ ಹೇಳೋಣ, ದೀನ್‌ನ ಹೆಸರು ಮುಂದೆ ಮಾಡುವುದು ಬೇಡ. ಇಷ್ಟಕ್ಕೂ ಸಾಕ್ಷ್ಯಕ್ಕೆ ದೂರ ಹೋಗಬೇಕಾಗಿಲ್ಲ. ನಿಪ್ಪಾಣಿಯ ತಂಬಾಕು ಗೋದಾಮು ಎಷ್ಟು ದೂರ? ಬೀಡಿ ಕಟ್ಟುವ ವಿಧವೆ, ಗಲಭೆಯ ಮರುದಿನ ಸುಟ್ಟ ಅಂಗಡಿಯ ಮುಂದೆ ನಿಂತ ವ್ಯಾಪಾರಿ, ವರದಕ್ಷಿಣೆಯ ಕಿರುಕುಳದಿಂದ ತವರಿಗೆ ಮರಳಿದ ಹೆಣ್ಣುಮಗಳು, ಇವರೂ ಸಾಕ್ಷಿಗಾಗಿ ಕಾಯುತ್ತಿದ್ದಾರೆ. ಕೊನೆಯವಳ ವಿಷಯದಲ್ಲಿ ಅಪರಾಧಿಗಳು ನಾವೇ ಎಂಬುದನ್ನು ಮರೆಯದಿರೋಣ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿಯ ಜಮಾಅತ್‌ಗಳು ಕೂಡಿ ಪ್ರತಿ ವರ್ಷ ಒಬ್ಬ ಹುಡುಗ, ಒಬ್ಬ ಹುಡುಗಿಯ ಪತ್ರಿಕೋದ್ಯಮ ಶಿಕ್ಷಣದ ಖರ್ಚು ವಹಿಸಲಿ. ಧಾರವಾಡದ ವಿಶ್ವವಿದ್ಯಾಲಯ ದೂರವಿಲ್ಲ, ಜಾಮಿಯಾದ ಬಾಗಿಲೂ ಮುಚ್ಚಿಲ್ಲ. ಹುಡುಗಿ ಏಕೆ ಎನ್ನುವವರಿಗೆ, 2022ರಲ್ಲಿ ದಾನಿಶ್‌ರೊಂದಿಗೆ ಪುಲಿಟ್ಜರ್ ಹಂಚಿಕೊಂಡವರಲ್ಲಿ ಕಾಶ್ಮೀರದ ಸನಾ ಇರ್ಶಾದ್ ಮಟ್ಟೂ ಎಂಬ ಯುವತಿಯೂ ಇದ್ದರೆಂದು ನೆನಪಿಸುತ್ತೇವೆ. ಆ ಪ್ರಶಸ್ತಿ ಸ್ವೀಕರಿಸಲು ಹೊರಟ ಅವರನ್ನು ದೆಹಲಿ ವಿಮಾನ ನಿಲ್ದಾಣದಲ್ಲಿ ತಡೆಯಲಾಯಿತು. ಹಾಗೆ ತಡೆಯಲ್ಪಟ್ಟವರ ಪರ ವಕೀಲರನ್ನು ನಿಲ್ಲಿಸುವ, ಗಾಯಗೊಂಡರೆ ಮನೆಯವರನ್ನು ನೋಡಿಕೊಳ್ಳುವ ಒಂದು ನಿಧಿ ಇರಲಿ. ನಮ್ಮ ಯುವಕ ಸಂಘಗಳಲ್ಲಿ ರಕ್ತ ತಡೆಯುವ ಪ್ರಥಮ ಚಿಕಿತ್ಸೆಯ ತರಬೇತಿ ನಡೆಯಲಿ, ಹೆದ್ದಾರಿಯ ಊರಿಗೆ ಅದು ಹೇಗೂ ಬೇಕು. ಶಾದಿ ಮಹಲುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಸಾಕ್ಷ್ಯಚಿತ್ರ ತೋರಿಸಲಿ. ನಿಪ್ಪಾಣಿಯದರಿಂದಲೇ ಆರಂಭಿಸಬಹುದು. ಜುಮಾ ಖುತ್ಬಾದಲ್ಲಿ ಖತೀಬರು ಸುದ್ದಿಯ ಪರಿಶೀಲನೆಯ ಬಗ್ಗೆ ಮಾತನಾಡಲಿ. ಒಂದು ಮದುವೆಯ ಡ್ರೋನ್ ಖರ್ಚು ಕೈಬಿಟ್ಟರೆ ಈ ಕೆಲಸಗಳಲ್ಲಿ ಕೆಲವಾದರೂ ಆರಂಭವಾದೀತು.

ಇಂದು ರಾತ್ರಿಯೂ ಇಶಾದ ನಂತರ ಮಸೀದಿಯ ಹೊರಗೆ ಯುವಕರು ನಿಲ್ಲುತ್ತಾರೆ, ಮೊಬೈಲು ಬೆಳಗುತ್ತದೆ. ಅವರಲ್ಲಿ ನಮ್ಮ ಮೊದಲ ವಿನಂತಿ ಇಷ್ಟೇ: ಮುಂದಿನವರಿಗೆ ಕಳುಹಿಸುವ ಮೊದಲು, ಇದನ್ನು ತೆಗೆದವರು ಯಾರೆಂದು ಹುಡುಕಿ. ಹೆಸರು ಸಿಕ್ಕರೆ ದೃಶ್ಯದೊಂದಿಗೆ ಆ ಹೆಸರನ್ನೂ ಕಳುಹಿಸಿ, ಅವರಿಗಾಗಿ ದುಆ ಮಾಡಿ. ಸಿಗದಿದ್ದರೆ ಕಳುಹಿಸಬೇಡಿ. ನಾಳೆ ಮಹ್ಶರದಲ್ಲಿ ಏನು ನೋಡಿದೆ ಎಂದು ಮಾತ್ರವಲ್ಲ, ನೋಡಿದ್ದಕ್ಕೆ ಏನು ಸಾಕ್ಷ್ಯ ನುಡಿದೆ ಎಂದೂ ಕೇಳಲಾಗುವುದು. ಗ್ರೂಪಿನಲ್ಲಿ ಬಂದಿತ್ತು ಎಂಬ ಉತ್ತರ ಅಲ್ಲಿ ಸಲ್ಲದು.